ಎದ್ದು ನಿಂತದ್ದಕ್ಕೆ ಮನುಷ್ಯನ ತಲೆಗೆ ರಕ್ತ ಕಡಿಮೆಯಾಯಿತಾ?

ನಿಮ್ಮ ಪ್ರಶ್ನೆ ಇದು: ನಾಲ್ಕು ಕಾಲು ಬಿಟ್ಟು ಎದ್ದು ನಿಂತ ಮೇಲೆ ಮನುಷ್ಯನ ತಲೆಗೆ ರಕ್ತ ಹತ್ತುವುದು ಕಡಿಮೆಯಾಯಿತು, ದಿನಾ ಶೀರ್ಷಾಸನ ಹಾಕಿದರೆ ಅದು ವಾಪಸ್ ಬಂದು ಬುದ್ಧಿ ಚುರುಕಾಗುತ್ತದೆ ಅಂತ ನಿಮ್ಮ ಪರಿಚಯದವರೊಬ್ಬರು ಹೇಳಿದ್ದಾರೆ, ಇದು ನಿಜವಾ ಅಂತ.

ಇಲ್ಲ. ಶೀರ್ಷಾಸನದ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ಮೊದಲಿನ ಅರ್ಧ ಇದೆಯಲ್ಲ, ಎದ್ದು ನಿಂತದ್ದಕ್ಕೂ ತಲೆಯ ರಕ್ತಕ್ಕೂ ಏನೋ ಸಂಬಂಧ ಉಂಟು ಅನ್ನುವುದು, ಅದು ತೀರಾ ಹುಚ್ಚು ಮಾತಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ನಾನು ಬ್ರಹ್ಮಾವರದವನು, ಉಡುಪಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಡಾಕ್ಟರ್ ಅಲ್ಲ, ಅದನ್ನು ನೆನಪಿಟ್ಟುಕೊಂಡು ಓದಿ.

ಕೆಲವು ವರ್ಷದ ಹಿಂದೆ ನಮ್ಮೂರ ಸಂಘದ ಯಕ್ಷಗಾನದಲ್ಲಿ ನನಗೆ ಅಗ್ನಿಯ ವೇಷ ಸಿಕ್ಕಿತ್ತು. ದೇವೇಂದ್ರನ ಒಡ್ಡೋಲಗದಲ್ಲಿ ಬಂದು ನಾಲ್ಕು ಹೆಜ್ಜೆ ಕುಣಿದು ಪಕ್ಕದಲ್ಲಿ ನಿಲ್ಲುವ ವೇಷ, ನನ್ನಂಥವರಿಗೆ ಕೊಡುವಂಥದ್ದು. ಕುಣಿಯುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ದೇವೇಂದ್ರ ಅರ್ಥ ಹೇಳಲು ಶುರು ಮಾಡಿದ. ನಮ್ಮ ದೇವೇಂದ್ರ ಮಾತಿಗೆ ನಿಂತರೆ ಭಾಗವತರು ತಾಳ ಕುಟ್ಟಿ ನೆನಪು ಮಾಡಬೇಕು, ಅಂಥ ಆಸಾಮಿ. ಏಪ್ರಿಲ್ ತಿಂಗಳ ಸೆಕೆ, ಎದುರಿಗೆ ದೊಡ್ಡ ದೀಪಗಳು, ಮೈಮೇಲೆ ಅಷ್ಟೂ ವೇಷ, ತಲೆಗೆ ಬಿಗಿದು ಕಟ್ಟಿದ ಕೇದಗೆ ಮುಂದಲೆ. ಅಲುಗಾಡದೆ ನಿಂತಿದ್ದೆ. ಕಾಲು ಗಂಟೆ ಆಗಿರಬಹುದು, ಕಣ್ಣಿನ ಅಂಚಿನಿಂದ ಕತ್ತಲೆ ಒಳಗೆ ಬರತೊಡಗಿತು, ದೇವೇಂದ್ರನ ಮಾತು ಬಾವಿಯ ಒಳಗಿನಿಂದ ಬಂದ ಹಾಗೆ ಕೇಳತೊಡಗಿತು. ಪಕ್ಕದಲ್ಲಿ ವಾಯು ನಿಂತಿದ್ದ, ಇಪ್ಪತ್ತು ವರ್ಷ ವೇಷ ಹಾಕಿದ ಹಳೆ ಹುಲಿ. ತುಟಿ ಅಲ್ಲಾಡಿಸದೆ ಮೆಲ್ಲಗೆ ಹೇಳಿದ: "ಕಾಲು ಆಡಿಸು ಮಾರಾಯ, ಹಿಮ್ಮಡಿ ಎತ್ತು."

ಎತ್ತಿದೆ, ಇಳಿಸಿದೆ. ಗೆಜ್ಜೆ ಸಣ್ಣಗೆ ಸದ್ದು ಮಾಡಿತು. ಹತ್ತು ಹನ್ನೆರಡು ಸಲ ಮಾಡುವಷ್ಟರಲ್ಲಿ ಕತ್ತಲೆ ಹೋಯಿತು, ದೇವೇಂದ್ರ ಮಾತ್ರ ಇನ್ನೂ ಮಾತಾಡುತ್ತಲೇ ಇದ್ದ.

ಆ ದಿನ ಆದದ್ದು ಇಷ್ಟೇ. ನಿಂತಾಗ ಭೂಮಿ ರಕ್ತವನ್ನು ಕೆಳಕ್ಕೆ ಎಳೆಯುತ್ತದೆ, ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಕಾಲು ಮತ್ತು ಹೊಟ್ಟೆಯ ಕೆಳಭಾಗದ ರಕ್ತನಾಳಗಳಲ್ಲಿ ಇಳಿದು ಕೂರುತ್ತದೆ. ನಡೆಯುತ್ತಿದ್ದರೆ ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ಆ ರಕ್ತವನ್ನು ಹಿಂಡಿ ಮೇಲೆ ಕಳಿಸುತ್ತದೆ, ಸುಮ್ನೆ ನಿಂತರೆ ಹಿಂಡುವವರು ಯಾರೂ ಇಲ್ಲ. ಸೆಕೆಗೆ ಚರ್ಮದ ನಾಳಗಳೂ ಅಗಲವಾಗಿರುತ್ತವೆ, ಬೆವರಿ ನೀರೂ ಹೋಗಿರುತ್ತದೆ. ಹೃದಯಕ್ಕೆ ವಾಪಸ್ ಬರುವುದೇ ಕಡಿಮೆಯಾದರೆ ಅದು ತಲೆಗೆ ಕಳಿಸುವುದಾದರೂ ಏನನ್ನು? ಸ್ವಾತಂತ್ರ್ಯ ದಿನದ ಮೈದಾನದಲ್ಲಿ ಮಕ್ಕಳು ದಬಕ್ಕನೆ ಬೀಳುವುದೂ ಹೆಚ್ಚಾಗಿ ಇದೇ ಕಾರಣಕ್ಕೆ. ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ, ಮಲಗಿಸಿ ಕಾಲು ಎತ್ತಿ ಹಿಡಿಯಿರಿ. ಬಿದ್ದು ಅಡ್ಡ ಆದ ಕೂಡಲೇ ತಲೆಯೂ ಹೃದಯವೂ ಒಂದೇ ಮಟ್ಟಕ್ಕೆ ಬರುತ್ತವೆ, ಹಾಗಾಗಿ ಬೀಳುವುದೇ ಅರ್ಧ ಚಿಕಿತ್ಸೆ.

ಹಾಗಾದರೆ ಪರಿಚಯದವರು ಹೇಳಿದ್ದು ಸರಿ ಆಯ್ತಲ್ಲ ಅನ್ನುತ್ತೀರಿ. ಭೂಮಿ ಎಳೆಯುವುದು ನಿಜ. ನಿಂತಾಗ ಮೆದುಳು ಹೃದಯಕ್ಕಿಂತ ಸುಮಾರು ಒಂದು ಅಡಿ ಮೇಲಿರುತ್ತದೆ, ಆ ಒಂದು ಅಡಿಗೆ ಬಿಪಿಯ ಲೆಕ್ಕದಲ್ಲಿ 20ರಿಂದ 25 ಅಂಕ ಕಳೆದುಹೋಗುತ್ತದೆ. ತೋಳಿನಲ್ಲಿ 120 ಇದ್ದರೆ ಮೆದುಳಿನ ಹತ್ತಿರ 95ರ ಆಸುಪಾಸು ಅಂದುಕೊಳ್ಳಿ. ಆದರೆ ಒತ್ತಡ ಬೇರೆ, ಹರಿಯುವ ರಕ್ತದ ಪ್ರಮಾಣ ಬೇರೆ. ಒತ್ತಡ ಇಳಿದ ಕೂಡಲೇ ಮೆದುಳಿನ ಸಣ್ಣ ನಾಳಗಳು ಅಗಲವಾಗಿ ದಾರಿ ಸಲೀಸು ಮಾಡಿಕೊಡುತ್ತವೆ, ಏರಿದರೆ ಕಿರಿದಾಗುತ್ತವೆ. ಜೊತೆಗೆ ಕುತ್ತಿಗೆಯಲ್ಲಿ ನಾಡಿ ಸಿಗುತ್ತದಲ್ಲ, ಅಲ್ಲೇ ಸ್ವಲ್ಪ ಮೇಲೆ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಒತ್ತಡ ಅಳೆಯುವ ನರದ ತುದಿಗಳಿವೆ. ಒತ್ತಡ ಇಳಿಯಿತು ಅಂತ ಅವು ಸುದ್ದಿ ಕಳಿಸುತ್ತವೆ, ಹೃದಯ ಜೋರಾಗಿ ಬಡಿಯುತ್ತದೆ, ಕಾಲಿನ ಕಡೆಯ ನಾಳಗಳು ಬಿಗಿಯುತ್ತವೆ. ಇಷ್ಟೂ ಕೆಲವೇ ಸೆಕೆಂಡಿನ ಕೆಲಸ. ದಿನಕ್ಕೆ ಎಷ್ಟು ಸಲ ಕೂತು ಏಳುತ್ತೇವೆ, ಒಮ್ಮೆಯಾದರೂ ಗೊತ್ತಾಗುತ್ತದಾ?

ಈಗ ನನಗೆ ತುಂಬ ಇಷ್ಟದ ಭಾಗ. ಹಾವು.

ಮಲ್ಪೆ ಕಡೆ ಕೈರಂಪಣಿ ಎಳೆಯುವುದನ್ನು ನೋಡಿದ್ದರೆ ಗೊತ್ತಿರುತ್ತದೆ, ಬೂತಾಯಿ ಬಂಗುಡೆ ಜೊತೆ ಕಡಲ ಹಾವೂ ಬಲೆಗೆ ಬರುತ್ತದೆ. ಬಾಲ ಚಪ್ಪಟೆ, ದೋಣಿಯ ಹುಟ್ಟಿನ ಹಾಗೆ. ಮೊಗವೀರರು ಬಾಲ ಹಿಡಿದು ಬೀಸಿ ಕಡಲಿಗೆ ಎಸೆಯುತ್ತಾರೆ. (ಅವರಿಗೆ ರೂಢಿ, ನೀವು ಮುಟ್ಟಲು ಹೋಗಬೇಡಿ, ಭಯಂಕರ ವಿಷ.) ಅದೇ ನಮ್ಮ ಮನೆಯ ಹಿಂದಿನ ಅಡಿಕೆ ತೋಟದಲ್ಲಿ ಹಸಿರು ಹಾವು ನೋಡಿ, ಕೊಂಬೆಯಿಂದ ಕೊಂಬೆಗೆ ನೆಟ್ಟಗೆ ತಲೆ ಎತ್ತಿ ಹತ್ತುತ್ತದೆ. ಎರಡೂ ಉದ್ದದ ಕೊಳವೆಯೇ, ಆದರೆ ಒಂದು ನೀರಿನಲ್ಲಿ, ಇನ್ನೊಂದು ಮರದಲ್ಲಿ. ನೀರಿನಲ್ಲಿದ್ದರೆ ಹೊರಗಿನ ನೀರೇ ಮೈಯನ್ನು ಒತ್ತಿ ಹಿಡಿದಿರುತ್ತದೆ, ರಕ್ತ ಬಾಲದ ಕಡೆ ಇಳಿದು ಕೂರುವ ಭಯ ಇಲ್ಲ. ಮರ ಹತ್ತುವ ಹಾವಿಗೆ ಆ ಭಯ ಇದೆ. 1976ರಲ್ಲಿ ರೋಜರ್ ಸೀಮೋರ್ ಮತ್ತು ಹಾರ್ವೆ ಲಿಲಿವೈಟ್ ಅನ್ನುವ ಇಬ್ಬರು ಬೇರೆ ಬೇರೆ ಕಡೆ ಬದುಕುವ ಹಾವುಗಳ ಬಿಪಿ ಅಳೆದರು. ಹಾವಿಗೆ ಬಿಪಿ ನೋಡುವುದು ಅಂದರೆ ಕ್ಲಾಸಿನಲ್ಲಿ ಮಕ್ಕಳು ನಗುತ್ತಾರೆ, ಆದರೆ ಫಲಿತಾಂಶ ನೋಡಿ: ಮರದ ಹಾವುಗಳಲ್ಲಿ ಒತ್ತಡ ಎಲ್ಲಕ್ಕಿಂತ ಹೆಚ್ಚು, ಕಡಲ ಹಾವುಗಳಲ್ಲಿ ಎಲ್ಲಕ್ಕಿಂತ ಕಡಿಮೆ. ಮರದ ಹಾವುಗಳ ಹೃದಯ ಸಾಮಾನ್ಯವಾಗಿ ತಲೆಗೆ ಹತ್ತಿರ ಇರುತ್ತದೆ ಅನ್ನುವುದನ್ನೂ ಲಿಲಿವೈಟ್ ಆಮೇಲೆ ತೋರಿಸಿದರು. ಕಡಲ ಹಾವನ್ನು ನೀರಿನಿಂದ ಹೊರಗೆ ತೆಗೆದು ತಲೆ ಮೇಲಾಗಿ ಹಿಡಿದರೆ ಅದರ ತಲೆಗೆ ರಕ್ತ ಸರಿಯಾಗಿ ಏರುವುದೇ ಇಲ್ಲ. ಮೊಗವೀರರು ಬಾಲ ಹಿಡಿಯುವುದರಿಂದ ಆ ಕಷ್ಟ ಅದಕ್ಕಿಲ್ಲ ಬಿಡಿ.

ಅಂದರೆ ತಲೆ ಎತ್ತಿ ಬದುಕುವ ಪ್ರಾಣಿಗಳಿಗೆಲ್ಲ ಈ ತೊಂದರೆ ಇದ್ದದ್ದೇ, ಮನುಷ್ಯ ಮೊದಲಿಗನೇನಲ್ಲ. ಜಿರಾಫೆಯ ಬಿಪಿ 200 ದಾಟುತ್ತದೆ, ಅದು ಅದಕ್ಕೆ ನಾರ್ಮಲ್. ತೊಂದರೆ ಬಂದಲ್ಲೆಲ್ಲ ದೇಹ ಏನಾದರೂ ಒಂದು ದಾರಿ ಮಾಡಿಕೊಂಡಿದೆ.

ಹಾವಿನ ಕತೆ ಯಾಕೆ ಹೇಳಿದೆ ಅಂದರೆ, ಅದೇ ರೋಜರ್ ಸೀಮೋರ್ ಬರೋಬ್ಬರಿ 40 ವರ್ಷ ಆದ ಮೇಲೆ, 2016ರಲ್ಲಿ, ಮನುಷ್ಯನ ತಲೆಬುರುಡೆಗೆ ಬಂದರು. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದವರು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಅವರ ಈ ಕೆಲಸದಲ್ಲಿ.

ನಮ್ಮ ಲ್ಯಾಬಿನ ಕಪಾಟಿನಲ್ಲಿ ಒಂದು ಹಳೆಯ ಬುರುಡೆ ಇದೆ. ಪ್ರತಿ ವರ್ಷ ಅದನ್ನು ತೆಗೆದು, ಬೋರಲು ಹಾಕಿ, ಮಕ್ಕಳಿಗೆ ತಳ ತೋರಿಸುತ್ತೇನೆ. ನಡುವಿನಲ್ಲಿ ದೊಡ್ಡ ತೂತು, ಅದು ಬೆನ್ನುಹುರಿಯದ್ದು, ಎಲ್ಲರಿಗೂ ಗೊತ್ತು. ಅದರ ಮುಂದಕ್ಕೆ ಎಡ ಬಲ ಎರಡೂ ಕಡೆ ಬಟಾಣಿ ಕಾಳು ಹಿಡಿಯುವಷ್ಟು ಒಂದೊಂದು ದುಂಡು ತೂತು ಇದೆ. ಹಿಡಿಸೂಡಿಯ ಕಡ್ಡಿ ಅದಕ್ಕೆ ತುರುಕಿದರೆ ಸ್ವಲ್ಪ ಮೇಲೆ ಹೋಗಿ ಟಕ್ ಅಂತ ನಿಲ್ಲುತ್ತದೆ, ಯಾಕೆಂದರೆ ದಾರಿ ಅಲ್ಲಿ ಮೂಗಿನ ಕಡೆಗೆ ತಿರುಗುತ್ತದೆ. ಹಸಿ ಕಡ್ಡಿ ಆದರೆ ಬಾಗಿ ಆ ಕಡೆಯಿಂದ ಹೊರಗೆ ಬರುತ್ತದೆ. ಕುತ್ತಿಗೆಯಿಂದ ಮೆದುಳಿಗೆ ಹೋಗುವ ಮುಖ್ಯ ರಕ್ತನಾಳ ಬರುವುದು ಈ ದಾರಿಯಲ್ಲೇ. ಒಟ್ಟು ನಾಲ್ಕು ನಾಳ ಮೆದುಳಿಗೆ ರಕ್ತ ಕೊಡುತ್ತವೆ, ಹೆಚ್ಚಿನ ಪಾಲು ಈ ಎರಡರದ್ದು.

ಸೀಮೋರ್ ತಂಡದ ಯೋಚನೆ ಸರಳ. ಮಾಂಸ ಕೊಳೆತು ಹೋಗುತ್ತದೆ, ತೂತು ಉಳಿಯುತ್ತದೆ. ನಾಳದ ದಪ್ಪ ಅದರಲ್ಲಿ ಹರಿಯುವ ರಕ್ತಕ್ಕೆ ತಕ್ಕ ಹಾಗೆ ಬೆಳೆಯುತ್ತದೆ, ನಾಳದ ದಪ್ಪಕ್ಕೆ ತಕ್ಕ ಹಾಗೆ ಎಲುಬಿನ ತೂತು. ಹಾಗಾಗಿ ಲಕ್ಷಗಟ್ಟಲೆ ವರ್ಷ ಹಳೆಯ ಬುರುಡೆಯ ತೂತು ಅಳೆದರೆ ಆ ಮೆದುಳಿಗೆ ಎಷ್ಟು ರಕ್ತ ಹೋಗುತ್ತಿತ್ತು ಅಂತ ಅಂದಾಜು ಮಾಡಬಹುದು. ಹನ್ನೆರಡು ಬಗೆಯ ಪೂರ್ವಜರ ಬುರುಡೆ ಅಳೆದರು. ಸುಮಾರು 30 ಲಕ್ಷ ವರ್ಷಗಳಲ್ಲಿ ಮೆದುಳಿನ ಗಾತ್ರ ಶೇಕಡಾ 350ರಷ್ಟು ಹೆಚ್ಚಿದರೆ, ರಕ್ತದ ಹರಿವು ಶೇಕಡಾ 600ರಷ್ಟು ಹೆಚ್ಚಿದೆ. ಕಡಿಮೆಯಾಗುವುದು ಎಲ್ಲಿ ಬಂತು? ಮೆದುಳು ಬೆಳೆದದ್ದಕ್ಕಿಂತ ಜೋರಾಗಿ ರಕ್ತ ಬೆಳೆದಿದೆ. ಬರೀ ದೊಡ್ಡ ಮೆದುಳಲ್ಲ, ಗ್ರಾಂ ಲೆಕ್ಕದಲ್ಲೂ ಜಾಸ್ತಿ ತಿನ್ನುವ ಮೆದುಳು. ಈಗ ನಮ್ಮದು ದೇಹದ ತೂಕದಲ್ಲಿ ಶೇಕಡಾ 2ರಷ್ಟಿದ್ದು, ಸುಮ್ನೆ ಕೂತಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ನುಂಗುತ್ತದೆ. ನಿಮಿಷಕ್ಕೆ ಮುಕ್ಕಾಲು ಲೀಟರಿನ ಹತ್ತಿರ ರಕ್ತ.

ಒಂದು ವಿಷಯ ಮುಚ್ಚಿಡಬಾರದು. ಇದೇ ತಂಡ 2019ರಲ್ಲಿ ಇನ್ನೊಂದು ಲೆಕ್ಕ ಹಾಕಿತು. ಈಗಿನ ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳನ್ನು ನಮ್ಮ ಪೂರ್ವಜರ ಸಾಲಿನ ಆಸ್ಟ್ರಲೋಪಿಥೆಕಸ್ ಜೊತೆ ಹೋಲಿಸಿದರು. ಈ ಆಸ್ಟ್ರಲೋಪಿಥೆಕಸ್ ಎರಡು ಕಾಲಿನಲ್ಲಿ ನಡೆಯುತ್ತಿತ್ತು, ಮೆದುಳು ಈ ವಾನರಗಳದ್ದಕ್ಕೆ ಸಮ ಅಥವಾ ಸ್ವಲ್ಪ ದೊಡ್ಡದೇ. ಆದರೂ ರಕ್ತದ ಹರಿವು ಈ ವಾನರಗಳಲ್ಲೇ ಹೆಚ್ಚು ಅಂತ ಬಂತು. ನಿಮ್ಮ ಪರಿಚಯದವರು ಇಲ್ಲಿ ಹಾರಿ ಬಿದ್ದು, ನೋಡಿ ನಾನು ಹೇಳಿದ್ದು ಅನ್ನಬಹುದು. ಆದರೆ ನಿಲ್ಲುವುದೇ ಕಾರಣ ಆಗಿದ್ದರೆ ಆಮೇಲೆ ಬಂದ, ನಮ್ಮ ಹಾಗೆ ನೆಟ್ಟಗೆ ನಿಂತು ದಿನವಿಡೀ ನಡೆದ ಹೋಮೋ ವಂಶದಲ್ಲಿ, ಅಂದರೆ ನಾವೂ ಸೇರಿದ ಗುಂಪಿನಲ್ಲಿ, ಅದು ಇನ್ನೂ ಇಳಿಯಬೇಕಿತ್ತು. ಏರಿತು. ನನಗೆ ಅನ್ನಿಸುವುದು, ಮೆದುಳು ಎಷ್ಟು ಕೆಲಸ ಮಾಡುತ್ತಿತ್ತೋ ಅಷ್ಟು ರಕ್ತ ತರಿಸಿಕೊಂಡಿತು, ನಿಂತಿದ್ದಾನಾ ಕೂತಿದ್ದಾನಾ ಅನ್ನುವುದು ಆಮೇಲಿನ ಮಾತು.

ನಿಂತದ್ದರಿಂದ ಬದಲಾದದ್ದು ಅಂದರೆ ರಕ್ತ ತಲೆಯಿಂದ ಇಳಿಯುವ ದಾರಿ. ಮಲಗಿದಾಗ ಕುತ್ತಿಗೆಯ ಪಕ್ಕದ ದೊಡ್ಡ ಅಭಿಧಮನಿಯಲ್ಲಿ ಇಳಿಯುತ್ತದೆ. ಎದ್ದರೆ ಆ ನಾಳ ಖಾಲಿ ಚೀಲದ ಹಾಗೆ ಮುಚ್ಚಿಕೊಳ್ಳುತ್ತದೆ, ಆಗ ಬೆನ್ನುಮೂಳೆಯ ಸುತ್ತ ಇರುವ ಸಣ್ಣ ನಾಳಗಳ ಬಲೆಯಲ್ಲಿ ಇಳಿಯುತ್ತದೆ. ಡೀನ್ ಫಾಕ್ ಅನ್ನುವ ಅಮೆರಿಕದ ವಿಜ್ಞಾನಿ 1990ರಲ್ಲಿ ಇದನ್ನೇ ಹಿಡಿದು ಒಂದು ಸಿದ್ಧಾಂತ ಕಟ್ಟಿದರು. ಅವರ ಕಾರು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್, ಎಂಜಿನ್ ಎಷ್ಟು ದೊಡ್ಡದು ಇಡಬಹುದು ಅನ್ನುವುದು ರೇಡಿಯೇಟರ್ ಎಷ್ಟು ತಂಪು ಮಾಡುತ್ತದೆ ಅನ್ನುವುದರ ಮೇಲೆ ಹೋಗುತ್ತದೆ ಅಂದನಂತೆ. ಆಗುಂಬೆ ಘಾಟಿಯಲ್ಲಿ ಬಾನೆಟ್ ಎತ್ತಿ ಹಬೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಾಕ್ ಅವರಿಗೆ ಮೆದುಳು ನೆನಪಾಯಿತು. ಬುರುಡೆಯ ನೆತ್ತಿಯಲ್ಲಿ, ಕಿವಿಯ ಹಿಂದೆ, ಸೂಜಿ ಹೋಗುವಷ್ಟು ತೂತುಗಳಿವೆ, ಅವುಗಳಲ್ಲಿ ತಲೆಯ ಚರ್ಮಕ್ಕೂ ಒಳಗಿನ ನಾಳಗಳಿಗೂ ಸೇರುವ ಸಣ್ಣ ಅಭಿಧಮನಿಗಳಿವೆ. ಸೆಕೆಗೆ ಬೆವರಿ ತಣ್ಣಗಾದ ಚರ್ಮದ ರಕ್ತ ಈ ತೂತುಗಳಲ್ಲಿ ಒಳಗೆ ಹೋಗಿ ಮೆದುಳನ್ನು ತಂಪು ಮಾಡುತ್ತದೆ, ಇಂಥ ಜಾಲ ಬೆಳೆದ ವಂಶದ ಮೆದುಳು ಮಾತ್ರ ದೊಡ್ಡದಾಗಲು ಸಾಧ್ಯವಾಯಿತು, ದೊಡ್ಡ ದವಡೆಯ, ಈಗ ಅಳಿದುಹೋದ ಪ್ಯಾರಾಂತ್ರೊಪಸ್ ವಂಶದಲ್ಲಿ ರಕ್ತ ಇಳಿಯಲು ಬುರುಡೆಯ ಹಿಂದೆ ಒಂದೇ ದೊಡ್ಡ ಕಾಲುವೆ ಇದ್ದುದರಿಂದ ಅದರ ಮೆದುಳು ಅಷ್ಟಕ್ಕೇ ನಿಂತಿತು, ಅನ್ನುವುದು ಅವರ ವಾದ.

ಕತೆ ಚಂದ ಇದೆ. ನನಗೆ ಅರ್ಧ ಮಾತ್ರ ಒಪ್ಪಿಗೆ. ಮೆದುಳನ್ನು ತಂಪು ಮಾಡುವ ಮುಖ್ಯ ಕೆಲಸ ಒಳಗೆ ಬರುವ ಶುದ್ಧ ರಕ್ತದ್ದೇ, ಅದು ಮೆದುಳಿಗಿಂತ ಸ್ವಲ್ಪ ತಣ್ಣಗಿರುತ್ತದೆ, ಅದರ ಪ್ರಮಾಣದ ಎದುರು ಈ ಸೂಜಿ ತೂತುಗಳದ್ದು ಏನೂ ಅಲ್ಲ ಅಂತ ಆಕ್ಷೇಪ ಎತ್ತಿದವರು ಇದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಆದರೂ ಕೇದಗೆ ಮುಂದಲೆ ಬಿಚ್ಚಿ ಚೌಕಿಯಲ್ಲಿ ಫ್ಯಾನಿನ ಎದುರು ಕೂತಾಗ ಮೊದಲು ಸುಖ ಸಿಗುವುದು ತಲೆಗೇ, ಅದೂ ಸುಳ್ಳಲ್ಲ.

ಇನ್ನು ಸ್ವಲ್ಪ ಭಯಪಡಿಸುವ ಮಾತು. ನಿಮ್ಮ ಪರಿಚಯದವರ ವಾದ ಹೊಸದಲ್ಲ. 1960ರ ದಶಕದಲ್ಲಿ ನೆದರ್ಲೆಂಡ್ಸಿನ ಬಾರ್ಟ್ ಹ್ಯೂಸ್ ಅನ್ನುವವನು ಇದನ್ನೇ ಹೇಳುತ್ತಿದ್ದ. ಮಗುವಿನ ನೆತ್ತಿ ಮೆತ್ತಗಿರುತ್ತದೆ, ಎಣ್ಣೆ ಹಚ್ಚುವಾಗ ಬೆರಳಿನ ಕೆಳಗೆ ಮಿಡಿಯುತ್ತದಲ್ಲ, ದೊಡ್ಡವರಾದ ಮೇಲೆ ಅದು ಕೂಡಿ ಬುರುಡೆ ಬಿಗಿಯಾಗುತ್ತದೆ, ಮೇಲಾಗಿ ಮನುಷ್ಯ ಎದ್ದು ನಿಂತಿದ್ದಾನೆ, ಹೀಗಾಗಿ ಮೆದುಳಿಗೆ ರಕ್ತ ಸಾಲದು, ತೂತು ಕೊರೆದರೆ ಸರಿಯಾಗುತ್ತದೆ ಅಂತ. ಹೇಳಿ ಸುಮ್ಮನಿರಲಿಲ್ಲ, 1965ರಲ್ಲಿ ತನ್ನ ತಲೆಗೆ ತಾನೇ ಡ್ರಿಲ್ ಹಾಕಿಕೊಂಡ. ಬದುಕಿ ಉಳಿದ. ಅವನನ್ನು ನೋಡಿ ಇನ್ನೂ ಕೆಲವರು ಹಾಗೇ ಮಾಡಿಕೊಂಡರು. ಅಪ್ಪಿತಪ್ಪಿಯೂ ಆ ದಾರಿಗೆ ಹೋಗಬೇಡಿ. ಬುರುಡೆ ಒಂದು ಮುಚ್ಚಿದ ಡಬ್ಬಿ, ಒಳಗೆ ಮೆದುಳು, ರಕ್ತ ಮತ್ತು ಮೆದುಳಿನ ಸುತ್ತಲಿನ ನೀರು, ಒಂದು ಹೆಚ್ಚಬೇಕಾದರೆ ಇನ್ನೊಂದು ಜಾಗ ಬಿಡಬೇಕು ಅನ್ನುವ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲೇ ಮೊದಲ ಹೆಜ್ಜೆ ಇಟ್ಟಿದ್ದರು. ಆ ಡಬ್ಬಿ ಮುಚ್ಚಿರುವುದು ನಮ್ಮ ಒಳ್ಳೆಯದಕ್ಕೇ. ನಿಮಿಷಕ್ಕೆ ಎಷ್ಟು ರಕ್ತ ಹಾದುಹೋಗುತ್ತದೆ ಅನ್ನುವುದು ಮುಖ್ಯ, ಡಬ್ಬಿಯಲ್ಲಿ ಎಷ್ಟು ತುಂಬಿ ನಿಂತಿದೆ ಅನ್ನುವುದಲ್ಲ. ತುಂಬಿ ನಿಂತರೆ ತಲೆನೋವು ಬರಬಹುದು, ಬುದ್ಧಿ ಅಲ್ಲ.

ಹರಿವನ್ನು ಯಾರು ಹಿಡಿದಿಟ್ಟಿದ್ದಾರೆ ಅಂತ ನೋಡಬೇಕಾದರೆ ಮಳೆಗಾಲದಲ್ಲಿ ನಮ್ಮ ಬಚ್ಚಲ ಒಲೆಯ ಎದುರು ಕೂರಬೇಕು. ಮಡಲು ಒದ್ದೆ, ಬೆಂಕಿ ಹತ್ತುವುದಿಲ್ಲ, ಊದುಕೊಳವೆ ಹಿಡಿದು ಊದಿ ಊದಿ ಐದು ನಿಮಿಷಕ್ಕೆ ತಲೆ ಗಿರ್ರ್ ಅನ್ನುತ್ತದೆ, ಬೆರಳ ತುದಿ ಜುಮ್ ಅನ್ನುತ್ತದೆ. ಗಾಳಿ ಬೇಕಾದಷ್ಟು ತೆಗೆದುಕೊಂಡಿದ್ದೇವೆ, ಮತ್ತೆ ಯಾಕೆ? ಜೋರಾಗಿ ಉಸಿರು ಬಿಟ್ಟು ಬಿಟ್ಟು ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದು ಕಡಿಮೆಯಾದರೆ ಮೆದುಳಿನ ನಾಳಗಳು ಬಿಗಿದುಕೊಳ್ಳುತ್ತವೆ, ಹರಿವು ಮೂರನೇ ಒಂದರಷ್ಟು ಇಳಿದರೂ ಇಳಿಯಿತು. ಕೂತಿರುವುದು ನೆಲದ ಮೇಲೆ, ತಲೆ ಒಲೆಯ ಕಡೆ ಬಾಗಿದೆ, ಭೂಮಿಯ ಎಳೆತಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೆದುಳಿನ ಯಾವ ಭಾಗ ಜಾಸ್ತಿ ಕೆಲಸ ಮಾಡುತ್ತದೋ ಅಲ್ಲಿ ನಾಳ ಅಗಲವಾಗಿ ರಕ್ತ ಜಾಸ್ತಿ ಹರಿಯುತ್ತದೆ, ಸ್ಕ್ಯಾನಿನಲ್ಲಿ ಮೆದುಳು ಬಣ್ಣ ಬಣ್ಣವಾಗಿ ಕಾಣುವುದು ಇದರಿಂದಲೇ. ಲೆಕ್ಕ ಮಾಡಿದರೆ ರಕ್ತ ಬರುತ್ತದೆ. ರಕ್ತ ತುರುಕಿದರೆ ಲೆಕ್ಕ ಬರುವುದಿಲ್ಲ.

ಹಾಗೆ ಬರುವುದಾಗಿದ್ದರೆ ಬಾಹ್ಯಾಕಾಶ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದವರಿಗೆ ಬರಬೇಕಿತ್ತು. ಅಲ್ಲಿ ಕೆಳಕ್ಕೆ ಎಳೆಯುವ ಭಾರವೇ ಇಲ್ಲದೆ ರಕ್ತ, ನೀರು ಎಲ್ಲ ಮೇಲಕ್ಕೆ ಸರಿಯುತ್ತದೆ. ಮುಖ ಊದಿಕೊಳ್ಳುತ್ತದೆ, ಕಾಲು ಸಣ್ಣಗಾಗುತ್ತದೆ, ಮೂಗು ಕಟ್ಟುತ್ತದೆ, ಕೆಲವರ ದೃಷ್ಟಿಯೂ ಹದಗೆಡುತ್ತದೆ. ಬುದ್ಧಿ ಹೋಗುವಾಗ ಎಷ್ಟಿತ್ತೋ ಅಷ್ಟೇ.

ಶೀರ್ಷಾಸನಕ್ಕೆ ಬಂದೆ. ತಲೆಕೆಳಗಾದಾಗ ಮುಖ ಕೆಂಪಾಗುವುದು ಚರ್ಮದ ನಾಳಗಳಲ್ಲಿ ರಕ್ತ ನಿಂತದ್ದಕ್ಕೆ. ಒಳಗೆ ಮೆದುಳಿನ ನಾಳಗಳು ಬಿಗಿದು ಹರಿವನ್ನು ತಮ್ಮ ಹದಕ್ಕೆ ತಂದುಕೊಂಡಿರುತ್ತವೆ. ಮಾಡಿದ ಮೇಲೆ ಮನಸ್ಸು ಹಗುರ ಅನ್ನಿಸಿದರೆ ಸಂತೋಷ, ಗೊತ್ತಿರುವವರ ಹತ್ತಿರ ಕಲಿತು ಮಾಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ಒಂದು ಗಮನ ಇರಲಿ: ಶೀರ್ಷಾಸನದಲ್ಲಿ ಕಣ್ಣಿನ ಒಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ, ಅಳೆದು ನೋಡಿದ್ದಾರೆ. ಗ್ಲಾಕೋಮಾ ಇದ್ದವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಕುತ್ತಿಗೆ ನೋವಿನವರು ಡಾಕ್ಟರನ್ನು ಕೇಳದೆ ಹಾಕಬಾರದು.

ನಿಂತದ್ದರ ಬಾಕಿ ನಿಜವಾಗಿ ಕಾಡುವುದು ವಯಸ್ಸಾದವರನ್ನು. ನಮ್ಮ ಅತ್ತೆಗೆ, ಅಪ್ಪನ ತಂಗಿಗೆ, ಈಗ 76. ಬಿಪಿ ಮಾತ್ರೆ ಇದೆ. ಎರಡು ವರ್ಷದ ಹಿಂದೆ ರಾತ್ರಿ ಬಚ್ಚಲಿಗೆ ಅಂತ ದಡಬಡ ಎದ್ದು ಎರಡು ಹೆಜ್ಜೆ ಇಟ್ಟು ಬಾಗಿಲ ಹತ್ತಿರ ಬಿದ್ದರು, ಹಣೆಗೆ ನಾಲ್ಕು ಹೊಲಿಗೆ. ಕುತ್ತಿಗೆಯ ಆ ನರದ ತುದಿಗಳು ವಯಸ್ಸಾದಂತೆ ನಿಧಾನ ಆಗುತ್ತವೆ, ಮಾತ್ರೆಯೂ ಸೇರಿ ತಲೆಗೆ ರಕ್ತ ಏರುವಷ್ಟರಲ್ಲಿ ತಡವಾಗಿತ್ತು. ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿದರು. ನಾನು ವಾಯು ಹೇಳಿದ್ದನ್ನು ಹೇಳಿಕೊಟ್ಟೆ. ಈಗ ಎಚ್ಚರ ಆದ ಕೂಡಲೇ ಏಳುವುದಿಲ್ಲ, ಮಂಚದ ಅಂಚಿಗೆ ಬಂದು ಕೂತು, ಕಾಲು ಇಳಿಬಿಟ್ಟು, ಹಿಮ್ಮಡಿ ಎತ್ತಿ ಇಳಿಸಿ ಹತ್ತು ಸಲ ರಾಮ ರಾಮ ಅನ್ನುತ್ತಾರೆ. ಹನ್ನೊಂದನೆಯದಕ್ಕೆ ಎದ್ದು ಲೈಟ್ ಹಾಕುತ್ತಾರೆ.